ಹಿಮದ ನಾಡಿಗೆ ಹೊರಡುವ ಮುನ್ನ

ಪ್ರವಾಸವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಬೇಸಗೆಯ ರಜೆ. ಮಕ್ಕಳ ಪರೀಕ್ಷೆಗಳು ಮುಗಿದ ಮೇಲೆ ಬುತ್ತಿ ಕಟ್ಟಿಕೊಂಡು ತಂಪಾದ ಬೆಟ್ಟವನ್ನು ಹುಡುಕಿ ಹೊರಡುವುದು ನಮ್ಮ ರೂಢಿ. ಆದರೆ ಅಮೆರಿಕದಲ್ಲಿ ನೆಲೆಸಿರುವ ಮಕ್ಕಳನ್ನೂ ಬಂಧುಗಳನ್ನೂ ನೋಡಲು ಹೋಗುವ ಕನ್ನಡಿಗರಿಗೆ ಇದಕ್ಕೆ ತೀರ ಭಿನ್ನವಾದ ಪ್ರಸಂಗ ಒದಗುವುದುಂಟು. ಡಿಸೆಂಬರಿನ ರಜೆಯಲ್ಲಿ, ಚಳಿ ಬಿರುಸಾಗಿರುವಾಗಲೇ, “ಯೆಲ್ಲೊಸ್ಟೋನಿಗೆ ಹೋಗಿಬರೋಣ” ಎಂದು ಮನೆಯವರು ಕರೆಯುತ್ತಾರೆ. ಹಿಮವನ್ನು ಚಿತ್ರಗಳಲ್ಲಿ ಮಾತ್ರ ಕಂಡವರಿಗೆ ಈ ಕರೆ ಸಂತೋಷವನ್ನೂ ಅಳುಕನ್ನೂ ಒಟ್ಟಿಗೇ ತರುವುದು ಸಹಜ.

ಇಂಥ ಪ್ರಯಾಣಕ್ಕೆ ಸಿದ್ಧತೆ ಹೇಗೆ? ಅಂಗಡಿಗೆ ಹೋಗಿ ದಪ್ಪನೆಯ ಕೋಟೊಂದನ್ನು ಕೊಂಡರೆ ಸಾಲದೆ? ಸಾಲದು. ಅಲ್ಲಿನ ಚಳಿಗಾಲದಲ್ಲಿ ಸಕಲ ಜೀವಿಗಳೂ ನಡೆಸುವ ವ್ಯವಹಾರ ಒಂದೇ. ಅದು ಶಾಖದ ವ್ಯವಹಾರ. ಒಡಲಿನಲ್ಲಿ ಹುಟ್ಟುವ ಶಾಖವೇ ಆದಾಯ. ಗಾಳಿಗೂ ಹಿಮಕ್ಕೂ ತೆರುವ ಶಾಖವೇ ವೆಚ್ಚ. ವೆಚ್ಚ ಆದಾಯವನ್ನು ಮೀರುತ್ತ ಹೋದರೆ ಪ್ರಾಣಿಯಾಗಲಿ ಮನುಷ್ಯನಾಗಲಿ ಬಹುಕಾಲ ಉಳಿಯುವಂತಿಲ್ಲ. ಈ ಜಮಾಖರ್ಚನ್ನು ಅರಿತವರಿಗೆ ಮಿಕ್ಕ ಸಿದ್ಧತೆಯ ಮರ್ಮವೆಲ್ಲ ಸುಲಭವಾಗಿ ತಿಳಿಯುತ್ತದೆ.

ಬೆಂಕಿಯ ಮೇಲೆ ಹಾಸಿದ ಹಿಮ

ಯೆಲ್ಲೊಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಪ್ರಸಿದ್ಧವಾಗಿದೆ. ೧೮೭೨ನೆಯ ಇಸವಿ ಮಾರ್ಚ್ ೧ರಂದು ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಸಹಿ ಮಾಡಿದ ಶಾಸನದಿಂದ ಅದು ಸ್ಥಾಪಿತವಾಯಿತು. ರಾಕಿ ಪರ್ವತಗಳ ನಡುವೆ, ವೈಯೊಮಿಂಗ್, ಮೊಂಟಾನ, ಐಡಹೊ ಎಂಬ ಮೂರು ರಾಜ್ಯಗಳಲ್ಲಿ, ಸುಮಾರು ೯,೦೦೦ ಚದರ ಕಿಲೋಮೀಟರುಗಳಷ್ಟು ಅದು ಹರಡಿಕೊಂಡಿದೆ. ಅದರ ಬಹುಭಾಗ ಸಮುದ್ರಮಟ್ಟದಿಂದ ೨,೦೦೦ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ.

ಈ ನೆಲದ ಅಡಿಯಲ್ಲಿ ಒಂದು ಮಹಾ ಜ್ವಾಲಾಮುಖಿಯಿದೆ. ಆರು ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆ ಅದು ಭೀಕರವಾಗಿ ಸ್ಫೋಟಿಸಿತ್ತು. ಇಂದಿಗೂ ಆರದ ಅದರ ಶಾಖದಿಂದ ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳು, ಚಿಲುಮೆಗಳು, ಕುದಿಯುವ ಕೆಸರಿನ ಹೊಂಡಗಳು ಮತ್ತು ಹಬೆಯುಗುಳುವ ರಂಧ್ರಗಳು ಜೀವಂತವಾಗಿವೆ. ನಮ್ಮ ಬಚ್ಚಲುಮನೆಯ ನೀರು ಕಾಯಿಸುವ ಯಂತ್ರಕ್ಕೆ ಗೀಸರ್ ಎಂಬ ಹೆಸರು ಬಂದದ್ದು ಇಂಥ ಚಿಲುಮೆಗಳಿಂದಲೇ. ಇವುಗಳಲ್ಲಿ ಹೆಸರಾದ ‘ಓಲ್ಡ್ ಫೇತ್‌ಫುಲ್’ ಸುಮಾರು ಒಂದೂವರೆ ಗಂಟೆಗೊಮ್ಮೆ ೩೦ರಿಂದ ೫೫ ಮೀಟರುಗಳ ಎತ್ತರಕ್ಕೆ ಚಿಮ್ಮುತ್ತದೆ. ಗಾಳಿಯ ಒತ್ತಡ ಕಡಿಮೆಯಾದ ಆ ಎತ್ತರದಲ್ಲಿ ನೀರು ಕುದಿಯಲು ೧೦೦ ಡಿಗ್ರಿ ಬೇಕಾಗುವುದಿಲ್ಲ. ಸುಮಾರು ೯೩ ಡಿಗ್ರಿ ಸೆಂಟಿಗ್ರೇಡಿಗೇ ಅದು ಕುದಿಯುತ್ತದೆ. ಚಳಿಗಾಲದಲ್ಲಿ ಮೇಲೆದ್ದ ಹಬೆ ಸುತ್ತಲಿನ ಮರಗಳ ಮೇಲೆ ಕುಳಿತು, ಆ ಕ್ಷಣವೇ ಹೆಪ್ಪುಗಟ್ಟಿ, ಅವುಗಳನ್ನು ಬಿಳಿಯ ಬೊಂಬೆಗಳನ್ನಾಗಿ ಮಾಡುತ್ತದೆ. ಈ ನೋಟವನ್ನು ಬೇಸಗೆಯ ಯಾತ್ರಿಕರು ಕಾಣಲಾರರು.

ಚಳಿಯ ಪ್ರಮಾಣವೂ ಅಸಾಧಾರಣವೇ. ೧೯೩೩ನೆಯ ಇಸವಿ ಫೆಬ್ರವರಿ ೯ರಂದು ಉದ್ಯಾನದಲ್ಲಿ ಉಷ್ಣತೆ ಸೊನ್ನೆಗಿಂತ ೫೪ ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ಇಳಿದಿತ್ತು. ಅಂಥ ದಿನ ಅಪೂರ್ವ. ಆದರೆ ಹಗಲು ಹೊತ್ತಿನಲ್ಲೇ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿರುವುದು ಸಾಮಾನ್ಯ.

ದಾರಿ ಮತ್ತು ಬೆಳಕು

ಮೊದಲು ತಿಳಿಯಬೇಕಾದ ಸಂಗತಿ ದಾರಿಯದು. ನವೆಂಬರಿನ ಮೊದಲ ದಿನಗಳಿಂದ ಏಪ್ರಿಲಿನ ನಡುವಿನವರೆಗೆ ಉದ್ಯಾನದ ಹೆಚ್ಚಿನ ರಸ್ತೆಗಳು ಸಾಮಾನ್ಯ ಮೋಟಾರುಗಳಿಗೆ ಮುಚ್ಚಿರುತ್ತವೆ. ಉತ್ತರ ದ್ವಾರದ ಗಾರ್ಡಿನರ್ ಊರಿನಿಂದ ಮ್ಯಾಮತ್ ಬಿಸಿನೀರ ಬುಗ್ಗೆಗಳ ಮೂಲಕ, ಲಮಾರ್ ಕಣಿವೆಯನ್ನು ಹಾದು, ಈಶಾನ್ಯ ದ್ವಾರಕ್ಕೆ ಹೋಗುವ ಎಂಬತ್ತು ಕಿಲೋಮೀಟರಿಗೂ ತುಸು ಹೆಚ್ಚಿನ ರಸ್ತೆಯೊಂದು ಮಾತ್ರ ವರ್ಷವಿಡೀ ತೆರೆದಿರುತ್ತದೆ. ದ್ವಾರದಾಚೆಯ ಕುಕ್ ಸಿಟಿಯಿಂದ ಮುಂದೆ ಪರ್ವತದ ದಾರಿ ಹಿಮದಿಂದ ಮುಚ್ಚಿಹೋಗುವುದರಿಂದ, ಹೋದವರು ಅದೇ ದಾರಿಯಲ್ಲಿ ಹಿಂದಿರುಗಬೇಕು.

ಓಲ್ಡ್ ಫೇತ್‌ಫುಲ್ ಮೊದಲಾದ ಒಳಭಾಗಗಳನ್ನು ನೋಡಬೇಕಾದರೆ ಹಿಮದ ಮೇಲೆ ಓಡುವ ವಾಹನಗಳೇ ಗತಿ. ಹತ್ತಾರು ಜನ ಒಟ್ಟಿಗೆ ಕುಳಿತು ಹೋಗಬಹುದಾದ ಸ್ನೋಕೋಚ್ ಎಂಬ ಬಂಡಿಗಳೂ, ಒಬ್ಬಿಬ್ಬರು ಏರುವ ಸ್ನೋಮೊಬೈಲುಗಳೂ ಡಿಸೆಂಬರಿನ ನಡುವಿನಿಂದ ಮಾರ್ಚಿನ ನಡುವಿನವರೆಗೆ ಸಂಚರಿಸುತ್ತವೆ. ಚಳಿಗಾಲದಲ್ಲಿ ಉದ್ಯಾನದೊಳಗೆ ತೆರೆದಿರುವ ವಸತಿಗೃಹಗಳು ಕೆಲವೇ. ಆದ್ದರಿಂದ ಬಂಡಿಯ ಸ್ಥಳವನ್ನೂ ತಂಗುವ ಕೊಠಡಿಯನ್ನೂ ತಿಂಗಳುಗಳ ಮೊದಲೇ ಕಾದಿರಿಸುವುದು ಅವಶ್ಯ.

ಇನ್ನೊಂದು ಮಿತಿ ಬೆಳಕಿನದು. ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ಹಗಲಿನ ಅವಧಿ ಒಂಬತ್ತು ಗಂಟೆಗಿಂತಲೂ ಕಡಿಮೆ. ಬೇಸಗೆಯಲ್ಲಿ ಎರಡು ಗಂಟೆಯ ದಾರಿ ಹಿಮ ಬಿದ್ದ ದಿನ ನಾಲ್ಕು ಗಂಟೆಯೂ ಆದೀತು. ದೂರವಾಣಿಯ ಸಂಪರ್ಕ ಬಹಳ ಕಡೆ ಸಿಗುವುದಿಲ್ಲ. ಹೀಗಿರುವಲ್ಲಿ ದಿನಕ್ಕೆ ನಾಲ್ಕು ಸ್ಥಳಗಳ ಪಟ್ಟಿಗಿಂತ ಒಂದು ಸ್ಥಳದ ಪಟ್ಟಿಯೇ ಲೇಸು; ಯಾವ ದಾರಿಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಮರಳುವೆವೆಂಬುದನ್ನು ತಂಗಿರುವಲ್ಲಿ ತಿಳಿಸಿ ಹೊರಡುವುದು ಇನ್ನೂ ಲೇಸು.

ಶಾಖ ಸೋರುವ ಬಗೆ

ನಮ್ಮ ಒಡಲಿನ ಒಳಭಾಗದ ಉಷ್ಣತೆ ಸುಮಾರು ೩೭ ಡಿಗ್ರಿ. ಅದು ೩೫ಕ್ಕಿಂತ ಕೆಳಗಿಳಿದರೆ ವೈದ್ಯರು ಆ ಸ್ಥಿತಿಯನ್ನು ಹೈಪೋಥರ್ಮಿಯ ಎಂದು ಕರೆಯುತ್ತಾರೆ. ಮೊದಲು ತಡೆಯಲಾಗದ ನಡುಕ; ಆಮೇಲೆ ಮಾತಿನಲ್ಲಿ ತೊದಲು, ನಡಿಗೆಯಲ್ಲಿ ಮುಗ್ಗರಿಕೆ, ಬುದ್ಧಿಗೆ ಮಂಕು. ಕೊನೆಗೆ ನಡುಕವೂ ನಿಲ್ಲುತ್ತದೆ. ಅದು ಗುಣದ ಲಕ್ಷಣವಲ್ಲ, ಮರಣ ಸಮೀಪಿಸಿದ್ದರ ಸೂಚನೆ. ಬುದ್ಧಿಯೇ ಮಂಕಾಗುವುದರಿಂದ ತನಗೇನಾಗುತ್ತಿದೆಯೆಂಬುದು ಆ ವ್ಯಕ್ತಿಗೆ ತಿಳಿಯದು. ಆದಕಾರಣ ಜೊತೆಗಿರುವವರು ಒಬ್ಬರನ್ನೊಬ್ಬರು ಗಮನಿಸುತ್ತಿರಬೇಕು.

ಶಾಖವನ್ನು ಕದಿಯುವುದರಲ್ಲಿ ಗಾಳಿ ಬಲು ನಿಪುಣ. ನಮ್ಮ ಚರ್ಮಕ್ಕೆ ತಾಗಿದಂತೆ ಬೆಚ್ಚಗಿನ ಗಾಳಿಯ ತೆಳುವಾದ ಪದರವೊಂದು ಸದಾ ಇರುತ್ತದೆ. ಬೀಸುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಅಂಟಾರ್ಕ್ಟಿಕದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಅನ್ವೇಷಕರು ನೀರು ತುಂಬಿದ ಕೊಳವೆಯನ್ನು ಗಾಳಿಗೊಡ್ಡಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುವುದೆಂಬುದನ್ನು ಅಳೆದು, ಇದರ ಲೆಕ್ಕವನ್ನು ೧೯೪೫ರಲ್ಲಿ ಪ್ರಕಟಿಸಿದರು. ೨೦೦೧ರಲ್ಲಿ ಪರಿಷ್ಕೃತವಾದ ಸೂತ್ರದ ಪ್ರಕಾರ, ಸೊನ್ನೆಗಿಂತ ೧೮ ಡಿಗ್ರಿ ಕೆಳಗಿರುವಾಗ ಗಾಳಿಯ ವೇಗ ಗಂಟೆಗೆ ೩೨ ಕಿಲೋಮೀಟರ್ ಇದ್ದರೆ, ತೆರೆದ ಮುಖಕ್ಕೆ ಅದು ಸೊನ್ನೆಗಿಂತ ೩೦ ಡಿಗ್ರಿ ಕೆಳಗಿನ ಚಳಿಗೆ ಸಮಾನ.

ಗಾಳಿಗಿಂತಲೂ ದೊಡ್ಡ ಕಳ್ಳ ನೀರು. ನಿಂತ ಗಾಳಿಗೆ ಹೋಲಿಸಿದರೆ ನೀರು ಸುಮಾರು ಇಪ್ಪತ್ತೈದು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ನಮ್ಮ ನಾಡಿನಲ್ಲಿ ಹಿತವೆನಿಸುವ ಹತ್ತಿಯ ಬನಿಯನ್ನು ಅಲ್ಲಿ ಶತ್ರುವಾಗುವುದು ಈ ಕಾರಣದಿಂದಲೇ. ಅದು ಬೆವರನ್ನು ಹೀರಿಕೊಂಡು ಮೈಗೆ ಅಂಟಿಸಿಟ್ಟುಕೊಳ್ಳುತ್ತದೆ. ಮೈಗೆ ತಾಗುವ ಉಡುಪು ಉಣ್ಣೆಯದೋ ಕೃತಕ ನೂಲಿನದೋ ಆಗಿರಲಿ. ಅದರ ಮೇಲೆ ಗಾಳಿಯನ್ನು ತನ್ನಲ್ಲಿ ಹಿಡಿದಿಡುವ ದಪ್ಪನೆಯ ಉಣ್ಣೆಯಂಗಿ. ಎಲ್ಲಕ್ಕೂ ಹೊರಗೆ ಗಾಳಿ ಮತ್ತು ಹಿಮಗಳನ್ನು ತಡೆಯುವ ಕೋಟು. ಹೀಗೆ ಪದರಪದರವಾಗಿ ಧರಿಸುವುದರಲ್ಲಿ ಇನ್ನೊಂದು ಅನುಕೂಲವುಂಟು. ನಡೆಯುವಾಗ ಬೆವರು ಬರುವ ಮೊದಲೇ ಒಂದು ಪದರವನ್ನು ಕಳಚಬಹುದು. ನಿಂತಾಗ ಮತ್ತೆ ತೊಡಬಹುದು.

ಕಾಲುಚೀಲದ ಮೇಲೆ ಚೀಲ ಹಾಕಿ ಬಿಗಿಯಾದ ಬೂಟಿನೊಳಗೆ ಪಾದವನ್ನು ತುರುಕುವುದು ಹೊಸಬರ ಸಾಮಾನ್ಯ ತಪ್ಪು. ರಕ್ತಸಂಚಾರ ಕುಂದಿದ ಪಾದ ಬೇಗ ಹೆಪ್ಪುಗಟ್ಟುತ್ತದೆ. ಬೆರಳು, ಮೂಗು, ಕಿವಿಗಳು ಬಿಳಿಚಿಕೊಂಡು ಸ್ಪರ್ಶಜ್ಞಾನ ತಪ್ಪಿದರೆ ಅವುಗಳನ್ನು ಉಜ್ಜಬಾರದು. ಬೆಚ್ಚಗಿನ ಸ್ಥಳಕ್ಕೆ ಹೋಗಿ ವೈದ್ಯರ ನೆರವು ಪಡೆಯಬೇಕು. ಮದ್ಯ ಮೈಯನ್ನು ಬಿಸಿ ಮಾಡುವುದೆಂಬುದೂ ಭ್ರಮೆಯೇ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಒಳಗಿನ ಶಾಖವನ್ನು ಹೊರಕ್ಕೆ ಹರಿಯಬಿಡುತ್ತದೆ. ಬಿಸಿಯಾದ ಪಾನೀಯ, ಎಣ್ಣೆಬೀಜಗಳು, ಸಿಹಿ ತಿಂಡಿಗಳು ಇವೇ ತಕ್ಕ ಬುತ್ತಿ. ಬುತ್ತಿಯ ಚೀಲವನ್ನು ಮಾತ್ರ ಜೋಪಾನವಾಗಿಡಬೇಕು. ಅಲ್ಲಿನ ರೇವನ್ ಎಂಬ ದೊಡ್ಡ ಕಾಗೆಗಳು ಸ್ನೋಮೊಬೈಲಿನ ಮೇಲಿಟ್ಟ ಚೀಲದ ಜಿಪ್ಪನ್ನು ಕೊಕ್ಕಿನಿಂದ ಎಳೆದು ತೆಗೆಯುವ ವಿದ್ಯೆಯನ್ನು ಕಲಿತಿವೆ!

ಸ್ವಂತ ಮೋಟಾರಿನಲ್ಲಿ ಹೋಗುವವರು ಹಿಮಕ್ಕೆ ತಕ್ಕ ಟೈರು, ಸಲಿಕೆ, ಕಂಬಳಿ, ಟಾರ್ಚು, ಎರಡು ಹೊತ್ತಿನ ಆಹಾರ ಇವುಗಳನ್ನು ಕಡ್ಡಾಯವಾಗಿ ಒಯ್ಯಬೇಕು. ಬಂಡಿ ಹಿಮದಲ್ಲಿ ಹೂತರೆ ಅದನ್ನು ಬಿಟ್ಟು ನಡೆದು ಹೋಗುವುದು ಅಪಾಯಕರ. ಒಳಗೇ ಕುಳಿತು ಯಂತ್ರವನ್ನು ಆಗಾಗ ನಡೆಸಬಹುದು. ಆದರೆ ಪ್ರತಿ ಸಲವೂ ಹೊಗೆಕೊಳವೆಯ ಬಾಯಿಗೆ ಹಿಮ ಮುಚ್ಚಿಲ್ಲವೆಂಬುದನ್ನು ನೋಡಿಕೊಳ್ಳಬೇಕು. ಮುಚ್ಚಿದ್ದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷ ಒಳಗೆ ತುಂಬುತ್ತದೆ.

ಹಿಮವೇ ಹೊದಿಕೆ

ಇಷ್ಟೊಂದು ಉಪಕರಣಗಳಿಲ್ಲದೆ ಅಲ್ಲಿನ ಪ್ರಾಣಿಗಳು ಬದುಕುವುದಾದರೂ ಹೇಗೆ? ಕರಡಿಗಳು ನಿದ್ರೆಯಲ್ಲಿ ಚಳಿಗಾಲವನ್ನು ಕಳೆಯುತ್ತವೆ. ವೋಲ್ ಎಂಬ ಪುಟ್ಟ ಇಲಿಜಾತಿಯ ಜೀವಿಗೆ ಹಿಮವೇ ಕಂಬಳಿ. ಆಗತಾನೆ ಬಿದ್ದ ಹಿಮದ ಗಾತ್ರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ ಆಗಿರುವುದರಿಂದ ಅದು ಉಣ್ಣೆಯಂತೆ ಶಾಖವನ್ನು ತಡೆಯುತ್ತದೆ. ಮೇಲೆ ಸೊನ್ನೆಗಿಂತ ೩೦ ಡಿಗ್ರಿ ಕೆಳಗಿನ ಚಳಿಯಿದ್ದರೂ, ಆಳವಾದ ಹಿಮದ ತಳದಲ್ಲಿ, ನೆಲಕ್ಕೆ ತಾಗಿದಂತೆ, ಉಷ್ಣತೆ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಿ ಸುರಂಗಗಳನ್ನು ಕೊರೆದುಕೊಂಡು ವೋಲ್‌ಗಳು ಓಡಾಡುತ್ತಿರುತ್ತವೆ. ಮೇಲೆ ನಿಂತ ನರಿ ಆ ಸದ್ದನ್ನು ಆಲಿಸಿ, ಗಾಳಿಗೆ ನೆಗೆದು, ಮೂತಿಯನ್ನು ಹಿಮದೊಳಕ್ಕೆ ನಾಟುವ ದೃಶ್ಯವನ್ನು ತಾಳ್ಮೆಯುಳ್ಳ ಪ್ರವಾಸಿಗ ಕಾಣಬಹುದು.

ಬೈಸನ್ನಿನ ಬಾಳು ಇನ್ನೂ ಕಠಿಣ. ನಮ್ಮ ಮಲೆನಾಡಿನ ಕಾಟಿಯನ್ನು ಇಂಗ್ಲಿಷರು ಬೈಸನ್ ಎಂದು ಕರೆದರೂ ಅವೆರಡೂ ಬೇರೆ ಬೇರೆ ಪ್ರಾಣಿಗಳು. ಅಮೆರಿಕದ ಈ ಬೈಸನ್ನಿನ ಗಂಡು ೯೦೦ ಕಿಲೋಗ್ರಾಂವರೆಗೂ ತೂಗುತ್ತದೆ. ಅದರ ಹೆಗಲ ಮೇಲಿನ ಡುಬ್ಬ ಬಲವಾದ ಸ್ನಾಯುಗಳ ಮೊತ್ತ. ಆ ಸ್ನಾಯುಗಳ ಬಲದಿಂದ ಅದು ತನ್ನ ಭಾರವಾದ ತಲೆಯನ್ನು ಅತ್ತಿತ್ತ ಬೀಸಿ, ಹಿಮವನ್ನು ಗೋರಿ, ಅಡಿಯ ಒಣಹುಲ್ಲನ್ನು ಮೇಯುತ್ತದೆ. ಬೆನ್ನಿನ ಮೇಲೆ ಬಿದ್ದ ಹಿಮ ಕರಗದೆ ಹಾಗೆಯೇ ಇರುವುದುಂಟು. ಅದರ ದಟ್ಟವಾದ ತುಪ್ಪಳದಿಂದ ಶಾಖ ಹೊರಗೆ ಸೋರುವುದು ಅಷ್ಟು ಕಡಿಮೆ. ಆದರೂ ಒಣಹುಲ್ಲಿನಿಂದ ದೊರೆಯುವ ಆದಾಯ ಸಾಲದು. ಬೇಸಗೆಯಲ್ಲಿ ಕೂಡಿಟ್ಟ ಕೊಬ್ಬು ದಿನದಿನಕ್ಕೂ ಕರಗುತ್ತ, ಫೆಬ್ರವರಿ ಮಾರ್ಚಿನ ವೇಳೆಗೆ ಗಂಟು ಬರಿದಾಗುತ್ತ ಬರುತ್ತದೆ. ಅದೇ ಸಮಯದಲ್ಲಿ ಹೆಣ್ಣುಗಳು ಗರ್ಭ ಧರಿಸಿರುತ್ತವೆ. ಹೀಗೆ ಬಡಕಲಾದ ಎಲ್ಕ್ ಜಿಂಕೆಗಳನ್ನೂ ಬೈಸನ್‌ಗಳನ್ನೂ ತೋಳಗಳು ಹಿಂಬಾಲಿಸುತ್ತವೆ. ೧೯೨೬ರ ಹೊತ್ತಿಗೆ ಉದ್ಯಾನದಿಂದ ಅಳಿಸಿಹೋಗಿದ್ದ ತೋಳಗಳನ್ನು ೧೯೯೫ ಮತ್ತು ೧೯೯೬ರಲ್ಲಿ ಕೆನಡದಿಂದ ತಂದು ಬಿಡಲಾಯಿತು. ಅವುಗಳನ್ನು ದೂರದರ್ಶಕದಿಂದ ನೋಡಲು ಚಳಿಗಾಲದ ಲಮಾರ್ ಕಣಿವೆ ಪ್ರಶಸ್ತವಾದ ಸ್ಥಳ.

ಕೆಲವು ಪ್ರಾಣಿಗಳು ಬಿಸಿನೀರ ಬುಗ್ಗೆಗಳ ಸುತ್ತಲಿನ ಹಿಮವಿಲ್ಲದ ನೆಲವನ್ನು ಆಶ್ರಯಿಸುತ್ತವೆ. ಆದರೆ ಆ ಆಶ್ರಯಕ್ಕೂ ಬಾಡಿಗೆಯುಂಟು. ಅಲ್ಲಿನ ಮೇವಿನಲ್ಲಿ ಸಿಲಿಕ ಮತ್ತು ಫ್ಲೂರೈಡುಗಳು ಹೆಚ್ಚಾಗಿದ್ದು, ಎಲ್ಕ್‌ಗಳ ಹಲ್ಲು ಬೇಗ ಸವೆದು ಆಯುಸ್ಸು ಕುಗ್ಗುತ್ತದೆ. ಮನುಷ್ಯರಿಗಂತೂ ಆ ನೆಲ ಇನ್ನೂ ಮೋಸದ್ದು. ಕುದಿಯುವ ನೀರಿನ ಮೇಲೆ ತೆಳುವಾದ ಹೊರಪದರವಷ್ಟೇ ಇರುವ ಜಾಗಗಳು ಅಲ್ಲಿ ಹಲವು. ಉದ್ಯಾನದ ಬೇರಾವ ನೈಸರ್ಗಿಕ ವಿಶೇಷಕ್ಕಿಂತಲೂ ಹೆಚ್ಚು ಜನರು ಗಾಯಗೊಂಡಿರುವುದೂ ಸತ್ತಿರುವುದೂ ಬಿಸಿನೀರಿನ ಬುಗ್ಗೆಗಳಿಂದ. ಚಳಿಗಾಲದಲ್ಲಿ ಹಬೆ ಕಣ್ಣಿಗೆ ಕವಿಯುತ್ತದೆ. ಮರದ ಹಲಗೆಯ ಕಾಲುದಾರಿ ಮಂಜುಗಟ್ಟಿ ಜಾರುತ್ತದೆ. ಬೂಟಿನ ಅಡಿಗೆ ಹಲ್ಲುಪಟ್ಟಿ ಕಟ್ಟಿಕೊಂಡು, ಹಲಗೆಯನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡದಿರುವುದೇ ವಿವೇಕ.

ಒಂದು ಗಂಟೆಯ ಉಳಿತಾಯ

ಬೈಸನ್ ಮತ್ತು ಎಲ್ಕ್‌ಗಳಿಂದ ೨೩ ಮೀಟರ್, ತೋಳ ಮತ್ತು ಕರಡಿಗಳಿಂದ ೯೧ ಮೀಟರ್ ದೂರವಿರಬೇಕೆಂಬುದು ಉದ್ಯಾನದ ನಿಯಮ. ಬೈಸನ್ ಗಂಟೆಗೆ ೫೫ ಕಿಲೋಮೀಟರ್ ವೇಗದಲ್ಲಿ ಓಡಬಲ್ಲುದಾದ್ದರಿಂದ ಈ ನಿಯಮ ನಮ್ಮ ರಕ್ಷಣೆಗೆ ಎಂದು ತೋರುವುದು ಸಹಜ. ಅದು ಬೈಸನ್ನಿನ ರಕ್ಷಣೆಗೂ ಹೌದು. ಚಳಿಗಾಲದ ಕೊನೆಯಲ್ಲಿ ಗಾಬರಿಗೊಂಡು ಆಳವಾದ ಹಿಮದಲ್ಲಿ ಓಡಿದ ಪ್ರಾಣಿ, ಅನೇಕ ದಿನಗಳಿಗೆಂದು ಕಾಪಾಡಿಕೊಂಡಿದ್ದ ಶಕ್ತಿಯನ್ನು ಕೆಲವು ನಿಮಿಷಗಳಲ್ಲಿ ಖರ್ಚು ಮಾಡಿರುತ್ತದೆ. ನಾವು ಒಂದು ಛಾಯಾಚಿತ್ರದೊಂದಿಗೆ ಮನೆಗೆ ಮರಳುತ್ತೇವೆ. ಅದಕ್ಕೆ ಹೊಸ ಹುಲ್ಲನ್ನು ಕಾಣುವ ಭಾಗ್ಯ ತಪ್ಪಿಹೋಗಬಹುದು. ೧೯೦೨ರಲ್ಲಿ ಈ ಉದ್ಯಾನದಲ್ಲಿ ಉಳಿದಿದ್ದ ಬೈಸನ್‌ಗಳು ಸುಮಾರು ಎರಡು ಡಜನ್ ಮಾತ್ರ. ಇಂದು ಅವು ಕೆಲವು ಸಾವಿರಗಳಾಗಿರುವುದು ದೀರ್ಘಕಾಲದ ರಕ್ಷಣೆಯ ಫಲ.

ಸ್ನೋಕೋಚುಗಳಿಗಾಗಿ ತುಳಿದು ಗಟ್ಟಿಮಾಡಿದ ದಾರಿಯಲ್ಲಿ ನಡೆಯುವುದು ಬೈಸನ್‌ಗಳಿಗೂ ಸುಲಭ. ಆದ್ದರಿಂದ ಅವುಗಳ ಹಿಂಡು ದಾರಿಯಲ್ಲಿ ಎದುರಾಗುವುದು ಸಾಮಾನ್ಯ ಸಂಗತಿ. ಆಗ ಬಂಡಿಯನ್ನು ನಿಲ್ಲಿಸಿ, ಅವು ತಮ್ಮ ಪಾಡಿಗೆ ತಾವು ಸಾಗಿಹೋಗುವವರೆಗೆ ಕಾಯುವುದೊಂದೇ ಸರಿಯಾದ ಮಾರ್ಗ. ಆದರೆ ಮುಂದಿನ ನಿಲ್ದಾಣಕ್ಕೆ ತಡವಾಯಿತೆಂದು ಚಡಪಡಿಸುವವರಿಗೆ ಕಾಯುವುದು ಸಾಧ್ಯವಾಗದು. ಸಾಮಾನುಗಳ ಪಟ್ಟಿಯನ್ನೆಲ್ಲ ಬರೆದು ಮುಗಿಸಿದ ಮೇಲೆ, ದಿನಚರಿಯಲ್ಲಿ ಯಾವ ಕೆಲಸಕ್ಕೂ ಹಂಚದ ಒಂದು ಗಂಟೆಯನ್ನು ಖಾಲಿ ಬಿಡಿ. ಹಿಮ ಸುರಿದರೆ ಅದು ನಿಮ್ಮ ಜೀವಕ್ಕೆ ಒದಗಿಬರುತ್ತದೆ. ಸುರಿಯದಿದ್ದರೆ, ಮೂತಿಗೆಲ್ಲ ಹಿಮ ಮೆತ್ತಿಕೊಂಡ ಆ ಹಿಂಡು ಉಸಿರಿನ ಹಬೆಯನ್ನು ಬಿಡುತ್ತ ನಿಮ್ಮ ಕಿಟಕಿಯ ಪಕ್ಕದಲ್ಲಿ ನಿಧಾನವಾಗಿ ಹಾದುಹೋಗುವುದನ್ನು ನೆಮ್ಮದಿಯಿಂದ ನೋಡಬಹುದು.