ಮೊಬೈಲ್ ಖಾತೆಗೆ ಎರಡನೆಯ ಬೀಗ: ಅಥೆಂಟಿಕೇಟರ್ ಆ್ಯಪ್ ಬಳಸುವ ಕ್ರಮ



ದಾವಣಗೆರೆಯಲ್ಲಿ ಮೆಕ್ಕೆಜೋಳ ಮಾರಿದರೂ, ಹರಿಹರದಲ್ಲಿ ಭತ್ತ ಮಾರಿದರೂ ಹಣ ಇಂದು ಬಹುಮಟ್ಟಿಗೆ ಬ್ಯಾಂಕ್ ಖಾತೆಗೇ ಸೇರುತ್ತದೆ. ಮಾರಾಟದ ಚೀಟಿಯ ಫೋಟೋ, ಪಹಣಿಯ ಪ್ರತಿ, ಬೆಳೆ ವಿಮೆಯ ರಸೀದಿ, ಮಕ್ಕಳ ಕಾಲೇಜಿನ ಅರ್ಜಿ ಇವೆಲ್ಲವೂ ಮೊಬೈಲಿನಲ್ಲಿವೆ. ಇವುಗಳಿಗೆಲ್ಲ ಆಧಾರವಾಗಿರುವುದು ಒಂದು ಇ-ಮೇಲ್ ಖಾತೆ. ಫೋನ್ ಕೊಂಡ ದಿನ ಅಂಗಡಿಯವರೇ ತೆರೆದುಕೊಟ್ಟ ಗೂಗಲ್ ಖಾತೆಯ ಪಾಸ್‌ವರ್ಡ್ ಏನೆಂದು ಎಷ್ಟೋ ಮಂದಿಗೆ ತಿಳಿದಿರುವುದಿಲ್ಲ. ತಿಳಿದವರದು ಮಗನ ಹೆಸರೋ, ಹುಟ್ಟಿದ ವರ್ಷವೋ ಆಗಿರುತ್ತದೆ. ಈ ಒಂದು ಖಾತೆ ಕಳ್ಳರ ಕೈ ಸೇರಿದರೆ ಅದರಲ್ಲಿಟ್ಟ ಕಾಗದಪತ್ರಗಳೂ, ಉಳಿಸಿಟ್ಟ ಇತರ ಪಾಸ್‌ವರ್ಡ್‌ಗಳೂ ಅವರ ಪಾಲಾಗುತ್ತವೆ. ಆದುದರಿಂದ ಇದಕ್ಕೆ ಎರಡನೆಯ ಬೀಗ ಹಾಕುವುದು ಅಗತ್ಯ.

ಎರಡನೆಯ ಬೀಗವೆಂದರೇನು?

ಬ್ಯಾಂಕಿನ ಲಾಕರ್ ತೆರೆಯಲು ಎರಡು ಕೀಲಿಕೈ ಬೇಕು. ಒಂದು ನಿಮ್ಮದು, ಇನ್ನೊಂದು ಬ್ಯಾಂಕಿನದು. ಒಂದನ್ನು ಕದ್ದವನಿಗೆ ಏನೂ ಸಿಗದು. ನಮ್ಮ ರಾಜ್ಯದ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದಾಗಲೂ, ದಾಖಲೆ ತಿದ್ದುವ ಸಿಬ್ಬಂದಿಯನ್ನು ಬೆರಳಚ್ಚಿನಿಂದ ಗುರುತಿಸುವ ಏರ್ಪಾಟು ಮಾಡಲಾಯಿತು. ಅಂತರ್ಜಾಲದಲ್ಲಿ ಕಾರ್ಡ್ ಬಳಸಿ ಹಣ ಕೊಡುವಾಗ ಎರಡನೆಯ ಪರಿಶೀಲನೆ ಕಡ್ಡಾಯವೆಂದು ರಿಸರ್ವ್ ಬ್ಯಾಂಕ್ 2009ರಲ್ಲಿಯೇ ಜಾರಿಗೆ ತಂದಿತು. ಮನಸ್ಸಿನಲ್ಲಿರುವ ಪಾಸ್‌ವರ್ಡ್ ಮೊದಲನೆಯ ಬೀಗ. ಕೈಯಲ್ಲಿರುವ ಫೋನ್ ಎರಡನೆಯದು.

ಎಸ್.ಎಂ.ಎಸ್. ಸಂಖ್ಯೆ ಸಾಲದೇ?

ಎಸ್.ಎಂ.ಎಸ್.ನಲ್ಲಿ ಬರುವ ಒ.ಟಿ.ಪಿ. ಏನೂ ಇಲ್ಲದಿರುವುದಕ್ಕಿಂತ ಮೇಲು. ಆದರೆ ಅದು ದಾರಿಯಲ್ಲಿ ಬರುವ ಕಾಗದವಿದ್ದಂತೆ. ನಡುವೆ ಬೇರೆಯವರು ಓದಬಹುದು. ವಂಚಕರು ನಿಮ್ಮ ನಂಬರಿಗೆ ಹೊಸ ಸಿಮ್ ಪಡೆದರೆ ಆ ಸಂಖ್ಯೆ ಅವರಿಗೇ ಹೋಗುತ್ತದೆ. ಪಿ.ಎಂ. ಕಿಸಾನ್ ಹೆಸರು ಹೇಳಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಬರುವ ಕಳ್ಳ ಎ.ಪಿ.ಕೆ. ಕಡತಗಳನ್ನು ಒತ್ತಿದರೆ, ಫೋನಿಗೆ ಬರುವ ಎಸ್.ಎಂ.ಎಸ್.ಗಳನ್ನು ಅವು ಕದ್ದು ಓದಬಲ್ಲವು.

ಅಥೆಂಟಿಕೇಟರ್ ಆ್ಯಪ್‌ನಲ್ಲಿ ಸಂಖ್ಯೆ ಹೊರಗಿನಿಂದ ಬರುವುದಿಲ್ಲ, ಫೋನಿನೊಳಗೇ ಹುಟ್ಟುತ್ತದೆ. ಹೇಗೆಂದರೆ, ದಾವಣಗೆರೆಯ ಅಣ್ಣನ ಮನೆಯಲ್ಲೂ ಹರಿಹರದ ತಂಗಿಯ ಮನೆಯಲ್ಲೂ ಒಂದೇ ಪಂಚಾಂಗವಿದೆ ಎನ್ನೋಣ. ಇಂದಿನ ತಿಥಿ ಯಾವುದೆಂದು ಇಬ್ಬರನ್ನೂ ಕೇಳಿದರೆ, ಒಬ್ಬರನ್ನೊಬ್ಬರು ವಿಚಾರಿಸದೆಯೇ ಒಂದೇ ಉತ್ತರ ಹೇಳುತ್ತಾರೆ. ಹಾಗೆಯೇ ಮೊದಲ ದಿನ ಗೂಗಲ್‌ನ ಕಂಪ್ಯೂಟರ್ ಮತ್ತು ನಿಮ್ಮ ಫೋನ್ ಒಂದು ಗುಟ್ಟಿನ ಕೀಲಿಯನ್ನು ಹಂಚಿಕೊಳ್ಳುತ್ತವೆ. ಆಮೇಲೆ ಆ ಕೀಲಿಯನ್ನೂ ಆ ಹೊತ್ತಿನ ಗಡಿಯಾರವನ್ನೂ ಸೇರಿಸಿ ಎರಡೂ ಕಡೆ ಒಂದೇ ಲೆಕ್ಕ ನಡೆಯುತ್ತದೆ. ಉತ್ತರವಾಗಿ 6 ಅಂಕಿಯ ಸಂಖ್ಯೆ ಬರುತ್ತದೆ. 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಈ ಲೆಕ್ಕದ ವಿಧಾನ 2011ರಲ್ಲಿ ಪ್ರಕಟವಾಗಿ ಎಲ್ಲ ಕಂಪನಿಗಳಿಗೂ ಮುಕ್ತವಾಗಿದೆ. ಸಂಖ್ಯೆ ಹುಟ್ಟಲು ಸಿಗ್ನಲ್ ಬೇಕಿಲ್ಲ, ಕರೆನ್ಸಿಯೂ ಬೇಕಿಲ್ಲ.

ಅಳವಡಿಸುವ ಕ್ರಮ

1. ಪ್ಲೇ ಸ್ಟೋರ್‌ನಿಂದ ಮಾತ್ರ ಆ್ಯಪ್ ಇಳಿಸಿಕೊಳ್ಳಬೇಕು. ಗೂಗಲ್ ಅಥೆಂಟಿಕೇಟರ್, ಮೈಕ್ರೋಸಾಫ್ಟ್ ಅಥೆಂಟಿಕೇಟರ್ ಎರಡೂ ಉಚಿತ. ತಯಾರಿಸಿದವರ ಹೆಸರನ್ನು ಓದಿ ನೋಡಿ. ಹಣ ಕೇಳುವುದನ್ನು ಬಿಟ್ಟುಬಿಡಿ.

2. ಫೋನಿನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಗೂಗಲ್ ಖಾತೆಯನ್ನು ತೆರೆದು, ಭದ್ರತೆಯ ವಿಭಾಗದಲ್ಲಿ ‘ಎರಡು ಹಂತದ ಪರಿಶೀಲನೆ’ಗೆ ಹೋಗಿ ಅಥೆಂಟಿಕೇಟರ್ ಎಂಬುದನ್ನು ಆರಿಸಿ. ಫೋನಿನಿಂದ ಫೋನಿಗೆ ಪದಗಳು ಸ್ವಲ್ಪ ಬೇರೆಯಿರಬಹುದು.

3. ಪರದೆಯ ಮೇಲೆ ಚೌಕುಳಿ ಚಿತ್ರ, ಅಂದರೆ ಕ್ಯೂಆರ್ ಕೋಡ್ ಕಾಣುತ್ತದೆ. ಖಾತೆಯನ್ನು ಕಂಪ್ಯೂಟರಿನಲ್ಲಿ ತೆರೆದಿದ್ದರೆ ಆ್ಯಪ್‌ನಿಂದ ಅದನ್ನು ಸ್ಕ್ಯಾನ್ ಮಾಡಿ. ಇರುವುದು ಒಂದೇ ಫೋನಾದರೆ, ಸ್ಕ್ಯಾನ್ ಆಗುತ್ತಿಲ್ಲ ಎಂಬುದನ್ನು ಒತ್ತಿದಾಗ ಬರುವ ಅಕ್ಷರಗಳ ಕೀಲಿಯನ್ನು ನಕಲು ಮಾಡಿ ಆ್ಯಪ್‌ಗೆ ಹಾಕಿ.

4. ಆ್ಯಪ್ ತೋರಿಸುವ 6 ಅಂಕಿಗಳನ್ನು ಸಮಯ ಮುಗಿಯುವ ಮೊದಲು ಖಾತೆಯ ಪುಟದಲ್ಲಿ ತುಂಬಿ. ಮುಗಿದರೆ ಗಾಬರಿ ಬೇಡ. ಮುಂದಿನ ಸಂಖ್ಯೆ ಬಳಸಿ.

5. ಎರಡು ಹಂತದ ಪರಿಶೀಲನೆ ಚಾಲೂ ಆಗಿದೆಯೇ ಎಂದು ಕೊನೆಗೆ ಖಚಿತಪಡಿಸಿಕೊಳ್ಳಿ.

6. ಫೋನಿನ ಸಮಯ ತಾನಾಗಿಯೇ ಹೊಂದಿಕೊಳ್ಳುವಂತೆ ಇಡಬೇಕು. ಗಡಿಯಾರ ತಪ್ಪಿದರೆ ಸಂಖ್ಯೆಯೂ ತಪ್ಪುತ್ತದೆ.

ಮರೆಯಬಾರದ ಕೆಲಸ

ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಫೋನ್ ಕಾಲುವೆಗೆ ಬಿದ್ದರೆ, ಬಸ್ಸಿನಲ್ಲಿ ಕಳೆದರೆ, ಕಳ್ಳನಿಗೆ ಹಾಕಿದ ಬೀಗ ಒಡೆಯನನ್ನೇ ಹೊರಗೆ ನಿಲ್ಲಿಸುತ್ತದೆ. ಇದಕ್ಕಾಗಿ ಗೂಗಲ್ 10 ಬ್ಯಾಕಪ್ ಸಂಖ್ಯೆಗಳನ್ನು ಕೊಡುತ್ತದೆ. ಪ್ರತಿಯೊಂದಕ್ಕೂ 8 ಅಂಕಿ. ಒಂದನ್ನು ಒಂದೇ ಸಲ ಬಳಸಬಹುದು. ಇವನ್ನು ಕಾಗದದ ಮೇಲೆ ಬರೆದು, ಜಮೀನಿನ ಪತ್ರಗಳ ಜೊತೆ ಪೆಟ್ಟಿಗೆಯಲ್ಲಿಡಿ. ಫೋನಿನಲ್ಲೇ ಫೋಟೋ ತೆಗೆದಿಟ್ಟರೆ ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟಂತಾಗುತ್ತದೆ. ಹೊಸ ಫೋನ್ ಕೊಂಡಾಗ ಮೊದಲು ಆ್ಯಪ್‌ನ ಖಾತೆಗಳನ್ನು ಅದಕ್ಕೆ ವರ್ಗಾಯಿಸಿ, ಒಮ್ಮೆ ಪರೀಕ್ಷಿಸಿ, ಆನಂತರವೇ ಹಳೆಯದನ್ನು ಮಾರಬೇಕು.

ಮುನ್ನೆಚ್ಚರಿಕೆಗಳು

* ಕ್ಯೂಆರ್ ಕೋಡನ್ನು ಯಾರೂ ಫೋಟೋ ತೆಗೆಯಲು ಬಿಡಬೇಡಿ. ಅದನ್ನು ಪಡೆದವನ ಕೈಯಲ್ಲೂ ನಿಮ್ಮ ಪಂಚಾಂಗದ ಪ್ರತಿ ಇದ್ದಂತೆ. ಸೈಬರ್ ಅಂಗಡಿಯ ಕಂಪ್ಯೂಟರಿನಲ್ಲಿ ಈ ಕೆಲಸ ಮಾಡದಿರುವುದು ಉತ್ತಮ.

* ಬ್ಯಾಂಕಿನವರು, ಇಲಾಖೆಯವರು ಎಂದು ಹೇಳಿ ಫೋನ್ ಮಾಡಿದವರಿಗೆ ಸಂಖ್ಯೆ ಹೇಳಬೇಡಿ. ಮೋಸಕ್ಕೆ 30 ಸೆಕೆಂಡ್ ಸಾಕು. ಸ್ವತಃ ಕೀಲಿ ಕೊಟ್ಟ ಮೇಲೆ ಯಾವ ಬೀಗವೂ ಕಾಯಲಾರದು.

* ಈ ಆ್ಯಪ್ ಯು.ಪಿ.ಐ. ಪಿನ್ನಿಗೆ ಬದಲಿಯಲ್ಲ. ಪಿನ್ನನ್ನು ಎಂದಿನಂತೆ ಗುಟ್ಟಾಗಿಯೇ ಇಡಬೇಕು. ಫೋನಿನ ಪರದೆಗೂ ಬೀಗವಿರಲಿ.

* ಹಣ ಹೋಗಿದೆ ಎಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ.

ಈ ಕೆಲಸಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಡ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆದರೆ ಗುಂಡಿ ಒತ್ತುವ ಕೈ ನಿಮ್ಮದೇ ಇರಲಿ. ಫಸಲು ಕಣಕ್ಕೆ ಬಂದ ಮೇಲೆ ಕಾವಲು ಹುಡುಕುವ ರೈತನಿಲ್ಲ. ಹಾಗೆಯೇ ಮಾರಾಟದ ಹಣ ಖಾತೆಗೆ ಬರುವ ಮೊದಲೇ ಈ ಬೀಗವನ್ನು ಹಾಕಿಕೊಳ್ಳುವುದು ಲೇಸು.