ನಕ್ಷೆಯಲ್ಲಿ 270 ಕಿ.ಮೀ., ಟಿಕೆಟ್‌ನಲ್ಲಿ ಆರು ಗಂಟೆ!

ರಾತ್ರಿ ಎಂಟೂವರೆಗೆ ತಂಗಿಯ ಫೋನ್. "ಅಣ್ಣಾ, ಅಪ್ಪಗ ಎದಿನೋವು ಬಂದು ದವಾಖಾನಿಗೆ ಸೇರಿಸೇವಿ. ಲಗೂನ ಬಾ."

ನಾನಿರೋದು ಮಂಗಳೂರಲ್ಲಿ, ಮನೆ ಹುಬ್ಬಳ್ಳಿಯಲ್ಲಿ. ಎರಡೂ ಕಡೆ ವಿಮಾನ ನಿಲ್ದಾಣ ಇದೆಯಲ್ಲ, ಇನ್ನೇನು ಅಂತ ಮೊಬೈಲ್ ತೆಗೆದೆ.

ಬಜ್ಪೆಯಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸುಮಾರು 270 ಕಿ.ಮೀ. ಸಣ್ಣ ಊರುಗಳಿಗೆ ಬರುವ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಅಂದರೆ ಆಕಾಶದಲ್ಲಿ ಅರ್ಧ ಗಂಟೆ ಚಿಲ್ಲರೆ. ರನ್‌ವೇವರೆಗಿನ ಓಡಾಟ, ಏರೋದು, ಇಳಿಯೋದು ಎಲ್ಲ ಸೇರಿಸಿದರೂ ಒಂದು ಗಂಟೆ.

ಆದರೆ ನಾನು ಹುಡುಕಿದ ದಿನ ನೇರ ವಿಮಾನವೇ ಇರಲಿಲ್ಲ. ಬೆಂಗಳೂರಿಗೆ ಹೋಗಿ ಅಲ್ಲಿಂದ ಹುಬ್ಬಳ್ಳಿಗೆ ಬರಬೇಕು. ಮಂಗಳೂರು–ಬೆಂಗಳೂರು ಸುಮಾರು 305 ಕಿ.ಮೀ., ಬೆಂಗಳೂರು–ಹುಬ್ಬಳ್ಳಿ ಸುಮಾರು 370. ಒಟ್ಟು 675 ಕಿ.ಮೀ.! ಉತ್ತರಕ್ಕೆ ಹೋಗಬೇಕಾದವನು ಪೂರ್ವಕ್ಕೆ ಹೋಗಿ, ತಿರುಗಿ ವಾಯವ್ಯಕ್ಕೆ ಬರಬೇಕು. ಎರಡು ಸಣ್ಣ ಊರುಗಳ ನಡುವೆ ದಿನಾ ವಿಮಾನ ತುಂಬುವಷ್ಟು ಜನ ಸಿಗೋದು ಕಷ್ಟ. ಅದಕ್ಕೇ ಕಂಪನಿಗಳು ಎಲ್ಲರನ್ನೂ ದೊಡ್ಡ ನಿಲ್ದಾಣಕ್ಕೆ ತಂದು ಅಲ್ಲಿಂದ ಹಂಚುತ್ತವೆ.

ಬೆಳಿಗ್ಗೆ 6.50ಕ್ಕೆ ಹೊರಟರೆ ಮಧ್ಯಾಹ್ನ 12.30ಕ್ಕೆ ಹುಬ್ಬಳ್ಳಿ. ಮನೆ ಬಿಡೋದು ಐದಕ್ಕೆ, ಆಸ್ಪತ್ರೆ ಮುಟ್ಟೋದು ಒಂದು ಗಂಟೆ ದಾಟಿದ ಮೇಲೆ. ಎಂಟು ತಾಸು ಅಲ್ಲೇ ಹೋಯ್ತು.

ಮೊಬೈಲ್ ಜೇಬಿಗಿಟ್ಟು ಒಂಬತ್ತೂವರೆ ಬಸ್ ಹತ್ತಿದೆ. ಕುಂದಾಪುರ, ಭಟ್ಕಳ, ಕುಮಟಾ ದಾಟಿ ಅಂಕೋಲಾದಲ್ಲಿ ಬಲಕ್ಕೆ ತಿರುಗಿ ಅರಬೈಲ್ ಘಟ್ಟ ಹತ್ತುವಾಗಲೂ ನಿದ್ದೆ ಹತ್ತಿರ ಸುಳಿಯಲಿಲ್ಲ. ಆರೂವರೆಗೆ ಹುಬ್ಬಳ್ಳಿ.

ಐಸಿಯುನಲ್ಲಿ ಅಪ್ಪ ಕಣ್ಣು ಬಿಟ್ಟರು. "ಯಾವಾಗ ಹೊಂಟಿದ್ದಿ? ರಾತ್ರಿ ಊಟಾ ಮಾಡೀಯೋ ಇಲ್ಲೋ?"

ಎಂಟಕ್ಕೆ ಆಂಜಿಯೋಗ್ರಾಂಗೆ ಒಳಗೆ ಕರೆದೊಯ್ದರು. ಕಾಗದಗಳಿಗೆ ಸಹಿ ಹಾಕಿದ್ದು ನಾನೇ. ವಿಮಾನ ನಂಬಿದ್ದರೆ ಆ ಹೊತ್ತಿಗೆ ಬೆಂಗಳೂರಲ್ಲಿ ಕೂತು ಮುಂದಿನ ವಿಮಾನ ಕಾಯುತ್ತಿದ್ದೆ.

ಅಪ್ಪ ಈಗ ಆರಾಮಿದ್ದಾರೆ. ನಾನು ಮಾತ್ರ ಒಂದು ಪಾಠ ಕಲಿತೆ: ಟಿಕೆಟ್ ಮೇಲಿನ ಸಮಯ ನೋಡಿ ಮೋಸ ಹೋಗಬಾರದು. ಮನೆಯಿಂದ ನಿಲ್ದಾಣ, ಅಲ್ಲಿ ಒಂದೂವರೆ ಗಂಟೆ ಮೊದಲೇ ಹಾಜರಿ, ನಡುವಿನ ಕಾಯುವಿಕೆ, ಇಳಿದ ಮೇಲಿನ ಟ್ಯಾಕ್ಸಿ, ಎಲ್ಲ ಕೂಡಿಸಿ. ಆಮೇಲೆ ಬಸ್ಸು, ರೈಲಿನ ಜೊತೆ ಹೋಲಿಸಿ. ಮುಖ್ಯವಾಗಿ, ಯಾವುದು ಈಗಲೇ ಹೊರಡುತ್ತೆ ಅಂತ ನೋಡಿ. ತುರ್ತಿನಲ್ಲಿ ವೇಗಕ್ಕಿಂತ ಅದೇ ದೊಡ್ಡದು.

ನಿಮ್ಮೂರಿಗೆ ಮನೆ ಬಾಗಿಲಿಂದ ಮನೆ ಬಾಗಿಲಿಗೆ ಎಷ್ಟು ಹೊತ್ತು? ಇವತ್ತೇ ಒಮ್ಮೆ ಲೆಕ್ಕ ಹಾಕಿಟ್ಟುಕೊಳ್ಳಿ. ಫೋನ್ ಬಂದಾಗ ಲೆಕ್ಕ ಹಾಕೋಕೆ ತಲೆ ಓಡಲ್ಲ.