‘ನಮ್ಮೂರು’ ಎಂಬ ಮಾತಿನ ಅರ್ಥ

ಕಳೆದ ಬೇಸಿಗೆಯ ಒಂದು ಸಂಜೆ, ಹಿಂಡಲಗಾದ ಹೊಸ ಬಡಾವಣೆಯಲ್ಲಿ ಕಥೋಲಿಕ ಕುಟುಂಬವೊಂದು ಕಟ್ಟಿಸಿದ ಮನೆಯನ್ನು ಆಶೀರ್ವದಿಸಲು ನಾವು ಹೋಗಿದ್ದೆವು. ಮನೆಯ ಯಜಮಾನರು ಬೈಲಹೊಂಗಲ ಕಡೆಯವರು, ಶಾಲಾ ಶಿಕ್ಷಕರು; ಮನೆಮಾತು ಕನ್ನಡ. ಅವರ ಧರ್ಮಪತ್ನಿ ಖಾನಾಪುರ ತಾಲೂಕಿನವರು. ಹುಟ್ಟಿದ ಮನೆಯಲ್ಲಿ ಕೊಂಕಣಿ ಆಡಿ, ಶಾಲೆಯಲ್ಲಿ ಮರಾಠಿ ಕಲಿತು ಬೆಳೆದವರು. ಮಗಳ ಮನೆಗೆ ನೆರವಾಗಲೆಂದು ಆಕೆಯ ತಂದೆ ಊರಿನ ಜಮೀನಿನಲ್ಲಿ ಒಂದು ತುಂಡನ್ನು ಮಾರಿದ್ದರು. ಮಳೆಗಾಲಕ್ಕೆ ಮುಂಚೆ ವೃದ್ಧ ದಂಪತಿಗಳು ಇದೇ ಮನೆಗೆ ಬಂದು ನೆಲೆಸಬೇಕೆಂದು ನಿಶ್ಚಯವಾಗಿತ್ತು.

ಪ್ರಾರ್ಥನೆ ಮುಗಿಯಿತು. ಪ್ರತಿ ಕೋಣೆಗೂ ತೀರ್ಥ ಪ್ರೋಕ್ಷಣೆಯಾಯಿತು. ಊಟಕ್ಕೆ ಏಳುವ ಹೊತ್ತಿಗೆ ಅಂಗಳದಲ್ಲಿ ಮಾತು ಏರಿತು. ಗೇಟಿನ ಕಂಬಕ್ಕೆ ಕೂರಿಸಬೇಕಾದ ಕಲ್ಲಿನ ಮೇಲೆ ಊರಿನ ಹೆಸರನ್ನು ಯಾವ ಲಿಪಿಯಲ್ಲಿ ಕೆತ್ತಿಸಬೇಕೆಂಬುದೇ ವಿಷಯ. ಅಳಿಯ ಕನ್ನಡವೆಂದರು, ಮಾವ ದೇವನಾಗರಿಯೂ ಇರಲೆಂದರು. “ಇದು ಕರ್ನಾಟಕ” ಎಂದು ಒಬ್ಬರು, “ನಾವೇನು ನಿನ್ನೆ ಬಂದವರಲ್ಲ” ಎಂದು ಇನ್ನೊಬ್ಬರು. ಮಧ್ಯಸ್ಥಿಕೆ ವಹಿಸಲು ಹೋದ ನಾವು, ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದ ಹುಮ್ಮಸ್ಸಿನಿಂದಲೋ ಏನೋ, ನಗುತ್ತ ಒಂದು ಮಾತು ಆಡಿದೆವು: ಹೆಸರು ಕೇವಲ ಸಂಕೇತ, ಅದರಲ್ಲೇನಿದೆ?

ಹಿರಿಯರು ನಮ್ಮನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೊಂಕಣಿ ಬೆರೆತ ಕನ್ನಡದಲ್ಲಿ ಕೇಳಿದರು: “ಹೆಸರಿನ್ಯಾಗ ಏನೂ ಇಲ್ಲಂದ್ರ ಫಾದರ್, ಕೂಸಿಗೆ ಸ್ನಾನದೀಕ್ಷೆ ಕೊಡೂ ಮುಂದ ನೀವು ಮೊದಲ ಹೆಸರು ಯಾಕ ಕೇಳ್ತೀರಿ?”

ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ಊಟ ಮಾಡಲಿಲ್ಲ. ಕೊಡೆ ಎತ್ತಿಕೊಂಡು ಖಾನಾಪುರದ ಬಸ್ಸು ಹಿಡಿಯಲು ಹೊರಟುಹೋದರು. ಆ ಮನೆಯ ಆಶೀರ್ವಾದದ ದಿನವೇ ಮನೆ ಒಡೆಯಿತಲ್ಲ ಎಂಬ ಕೊರಗು ನಮ್ಮನ್ನು ಬಹಳ ದಿನ ಬಿಡಲಿಲ್ಲ. ಆ ಕೊರಗಿನಿಂದಲೇ ಈ ಲೇಖನ.

ಎರಡು ಹೆಮ್ಮೆಗಳು

ಪ್ರಿಯ ವಾಚಕರೇ, ನಮ್ಮ ಈ ಊರಿನ ಬಗ್ಗೆ ಹೆಮ್ಮೆಪಡದವರು ವಿರಳ. ಆದರೆ ಎಲ್ಲರೂ ಒಂದೇ ಕಾರಣಕ್ಕೆ ಹೆಮ್ಮೆಪಡುವುದಿಲ್ಲ.

ಕನ್ನಡಿಗನು ಕೋಟೆಯೊಳಗಿನ ಕಮಲ ಬಸದಿಯನ್ನು ತೋರಿಸುತ್ತಾನೆ. ರಟ್ಟರ ಕಾಲದಲ್ಲಿ, 1204ರಲ್ಲಿ ಕಟ್ಟಿದ ಆ ಬಸದಿಯ ಶಾಸನಗಳ ಭಾಷೆ ಕನ್ನಡ. ಖಾನಾಪುರ ತಾಲೂಕಿನ ಹಲಸಿ ಕದಂಬರ ಎರಡನೆಯ ರಾಜಧಾನಿಯಾಗಿತ್ತು. ಅದೇ ತಾಲೂಕಿನ ನಂದಗಡದಲ್ಲಿ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧೀಜಿಯವರು ತಮ್ಮ ಜೀವಮಾನದಲ್ಲಿ ಒಮ್ಮೆ ಮಾತ್ರ ವಹಿಸಿದ ಕಾಂಗ್ರೆಸ್ ಅಧ್ಯಕ್ಷತೆ ಬೆಳಗಾವಿಯ ಅಧಿವೇಶನದ್ದು. ಆಗಲೇ ಇಲ್ಲಿ ಕರ್ನಾಟಕ ಏಕೀಕರಣದ ಮೊದಲ ಪರಿಷತ್ತೂ ಸೇರಿತು. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. 2014ರ ನವೆಂಬರ್ 1ರಿಂದ ‘ಬೆಲ್ಗಾಮ್’ ಸರ್ಕಾರಿ ಕಾಗದಪತ್ರಗಳಲ್ಲಿಯೂ ‘ಬೆಳಗಾವಿ’ ಆಯಿತು.

ಮರಾಠಿ ಭಾಷಿಕನ ಹೆಮ್ಮೆಯೂ ಬರಿಗೈಯದಲ್ಲ. ಮರಾಠಾ ಲಘು ಪದಾತಿದಳದ ಕೇಂದ್ರ ಇರುವುದು ಇಲ್ಲಿ. ಪು.ಲ. ದೇಶಪಾಂಡೆಯವರು ಇಲ್ಲಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದರು. ಬೆಳಗಾವಿಯಲ್ಲಿ ಓದಿ, ಧಾರವಾಡದಲ್ಲಿ ಅಧ್ಯಾಪಕರಾಗಿ ಬಾಳಿದ ಜಿ.ಎ. ಕುಲಕರ್ಣಿಯವರು ಮರಾಠಿ ಸಣ್ಣಕಥೆಯ ದೊಡ್ಡ ಹೆಸರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ತಮ್ಮನ್ನು ಕೇಳದೆ ಗೆರೆ ಎಳೆದರೆಂಬ ನೋವು ಎಷ್ಟೋ ಮನೆಗಳಲ್ಲಿ ತಂದೆಯಿಂದ ಮಗನಿಗೆ ಇಳಿದುಬಂದಿದೆ. 1986ರ ಜೂನಿನಲ್ಲಿ ಕನ್ನಡ ಕಡ್ಡಾಯದ ವಿರುದ್ಧ ನಡೆದ ಚಳವಳಿಯಲ್ಲಿ ಗುಂಡಿಗೆ ಬಲಿಯಾದವರ ಸ್ಮಾರಕ ಇದೇ ಹಿಂಡಲಗಾದಲ್ಲಿದೆ. ಜೂನ್ 1ರಂದು ಅಲ್ಲಿ ಜನ ಸೇರುತ್ತಾರೆ. ನವೆಂಬರ್ 1ರಂದಾದರೋ, ಚನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವದ ಜನಸಾಗರ, ಅದೇ ಊರಿನ ಇನ್ನೊಂದು ಮಗ್ಗುಲಲ್ಲಿ ಕರಾಳ ದಿನದ ಕಪ್ಪು ಪಟ್ಟಿ.

ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ನಗರ ಇದ್ದಲ್ಲೇ ಇರಲಿ ಎಂದ ಆಯೋಗ, ನಿಪ್ಪಾಣಿ, ಖಾನಾಪುರ, ನಂದಗಡಗಳೂ ಸೇರಿದಂತೆ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ, ಅಲ್ಲಿಂದ 247 ಊರುಗಳು ಈ ಕಡೆಗೆ ಬರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, ವರದಿ ಜಾರಿಯಾಗಲಿಲ್ಲ. 2004ರಲ್ಲಿ ಅದು ಸರ್ವೋಚ್ಚ ನ್ಯಾಯಾಲಯದ ಮೊರೆಹೋಯಿತು. ಗಡಿಯ ತೀರ್ಮಾನ ನ್ಯಾಯಾಲಯಕ್ಕೆ ಸೇರಿದ್ದು. ಧರ್ಮಗುರುಗಳಾದ ನಾವು ಅದರಲ್ಲಿ ತೀರ್ಪು ಹೇಳಲು ಅರ್ಹರಲ್ಲ. ಆದರೆ ನ್ಯಾಯಾಲಯ ಹೇಗೆ ತೀರ್ಪು ಕೊಟ್ಟರೂ ಆ ಅಂಗಳದ ಮಾವ ಅಳಿಯಂದಿರ ನಡುವಿನ ಗೆರೆ ಅಳಿಸುವುದಿಲ್ಲ. ಅದನ್ನು ನಾವೇ ಅಳಿಸಿಕೊಳ್ಳಬೇಕು.

ಓಕ್ ಮರಗಳ ಊರು

ದೂರದ ಐರ್ಲೆಂಡಿನಲ್ಲಿ ಇಂಥದೇ ಒಂದು ಊರಿದೆ. ನಮ್ಮ ಊರಿನ ಪ್ರಾಚೀನ ಹೆಸರು ವೇಣುಗ್ರಾಮ, ಬಿದಿರಿನ ಊರು. ಆ ಊರಿನ ಹೆಸರೂ ಮರದಿಂದಲೇ ಬಂದದ್ದು. ‘ದೊಯ್ರೆ’ ಎಂದರೆ ಐರಿಷ್ ಭಾಷೆಯಲ್ಲಿ ಓಕ್ ಮರಗಳ ತೋಪು. ಸಂತ ಕೊಲಂಬನು ಆರನೆಯ ಶತಮಾನದಲ್ಲಿ ಅಲ್ಲಿ ಮಠ ಸ್ಥಾಪಿಸಿದನೆಂಬುದು ಪರಂಪರೆಯ ನಂಬಿಕೆ. 1613ರಲ್ಲಿ ಇಂಗ್ಲಿಷ್ ರಾಜನ ಸನ್ನದು ಅದಕ್ಕೆ ‘ಲಂಡನ್‌ಡೆರಿ’ ಎಂದು ಹೆಸರಿಟ್ಟಿತು. ಕಥೋಲಿಕರಿಗೆ ಅದು ಡೆರಿ, ಬಹುಪಾಲು ಪ್ರೊಟೆಸ್ಟಂಟರಿಗೆ ಲಂಡನ್‌ಡೆರಿ. ಅಪರಿಚಿತನು ಊರಿನ ಹೆಸರು ಹೇಳಿದೊಡನೆ ಅವನ ಪಕ್ಷ ಯಾವುದೆಂದು ಜನ ಅಳೆಯುತ್ತಾರೆ.

1972ರ ಜನವರಿ 30ರ ಭಾನುವಾರ ಅಲ್ಲಿ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿ 13 ಮಂದಿಯನ್ನು ಕೊಂದರು. ಗಾಯಗೊಂಡ ಇನ್ನೊಬ್ಬರು ಆಮೇಲೆ ತೀರಿಕೊಂಡರು. ಅವರು ನಿರಪರಾಧಿಗಳೆಂದು ವಿಚಾರಣಾ ವರದಿ ಸಾರಿದ್ದು, ಬ್ರಿಟನ್ನಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2010ರಲ್ಲಿ.

ಅದೇ ಊರಿನ ಮಗ ಜಾನ್ ಹ್ಯೂಮ್. ಗುರುವಾಗಬೇಕೆಂದು ಮೇನೂತ್ ಗುರುಮಠದಲ್ಲಿ ಕೆಲಕಾಲ ಓದಿ, ಹೊರಬಂದು ಶಿಕ್ಷಕರಾದರು. ಬಡವರಿಗೆ ಸಾಲ ಸಿಗಲೆಂದು 1960ರಲ್ಲಿ ಊರಿನಲ್ಲಿ ಸಹಕಾರಿ ಸಾಲಸಂಘ ಕಟ್ಟಿದವರಲ್ಲಿ ಒಬ್ಬರಾದರು. ಆಮೇಲೆ ರಾಜಕೀಯಕ್ಕಿಳಿದು, ಹಿಂಸೆಯನ್ನು ಕೊನೆಯವರೆಗೂ ನಿರಾಕರಿಸಿದರು. 1998ರ ಶುಭ ಶುಕ್ರವಾರದ ಒಪ್ಪಂದಕ್ಕಾಗಿ ದುಡಿದ ಅವರು, ಎದುರು ಪಕ್ಷದ ಡೇವಿಡ್ ಟ್ರಿಂಬಲ್ ಅವರೊಡನೆ ಆ ವರ್ಷದ ನೊಬೆಲ್ ಶಾಂತಿ ಪುರಸ್ಕಾರ ಹಂಚಿಕೊಂಡರು. 2011ರಲ್ಲಿ ಫಾಯ್ಲ್ ನದಿಯ ಎರಡು ದಡಗಳನ್ನು ಜೋಡಿಸಿ ಶಾಂತಿ ಸೇತುವೆ ಎದ್ದಿತು. ಊರಿಗೆ ಇಂದಿಗೂ ಎರಡು ಹೆಸರು. ಹೆಸರಿನ ಜಗಳ ತೀರಲಿ, ಆಮೇಲೆ ಸೇತುವೆ ಎಂದು ಅಲ್ಲಿಯ ಜನ ಕಾಯಲಿಲ್ಲ.

ಹೊಲವೋ, ತಾಯಿಯೋ?

ಎರಡು ಮಾತುಗಳು ಪರಸ್ಪರ ವಿರುದ್ಧವಾಗಬೇಕಾದರೆ ಎರಡರಲ್ಲಿಯೂ ಪದಗಳ ಅರ್ಥ ಒಂದೇ ಆಗಿರಬೇಕು. ಅರಿಸ್ಟಾಟಲನ ಕಾಲದಿಂದ ತರ್ಕಶಾಸ್ತ್ರ ಕಲಿಸುವ ಮೊದಲ ಪಾಠಗಳಲ್ಲಿ ಇದೊಂದು. “ಬೆಳಗಾವಿ ನಮ್ಮದು” ಎಂದು ಇಬ್ಬರು ಹೇಳಿದರೆ ವಿರೋಧವಿದೆಯೇ? ಅದು ‘ನಮ್ಮದು’ ಎಂಬ ಪದದ ಅರ್ಥವನ್ನು ಅವಲಂಬಿಸಿದೆ.

“ಈ ಹೊಲ ನನ್ನದು” ಎಂದು ಇಬ್ಬರು ಹೇಳಿದರೆ ಕಚೇರಿಗೆ ಹೋಗಬೇಕು, ಒಬ್ಬನದಾದರೆ ಇನ್ನೊಬ್ಬನದಲ್ಲ. ಆದರೆ “ಇವಳು ನನ್ನ ತಾಯಿ” ಎಂದು ನಾಲ್ವರು ಹೇಳಿದರೆ ಜಗಳವಿಲ್ಲ. ಅವರು ಒಡಹುಟ್ಟಿದವರು, ಅಷ್ಟೆ. ಒಬ್ಬ ಮಗ ಆಕೆಯನ್ನು ‘ಅವ್ವ’ ಎನ್ನಬಹುದು, ಇನ್ನೊಬ್ಬ ‘ಆಯಿ’ ಎನ್ನಬಹುದು. ಒಬ್ಬನ ಕರೆ ಇನ್ನೊಬ್ಬನ ಕರೆಯನ್ನು ಸುಳ್ಳಾಗಿಸುವುದಿಲ್ಲ. ಸಂತ ತೋಮಸ್ ಅಕ್ವಿನಾಸರು ದೇವರ ನಂತರ ಮನುಷ್ಯನು ಋಣಿಯಾಗಿರುವುದು ತಂದೆತಾಯಿಗೆ ಮತ್ತು ಹುಟ್ಟಿದ ನಾಡಿಗೆ ಎಂದು ಎರಡನ್ನೂ ಒಂದೇ ಸದ್ಗುಣದಡಿ ಇರಿಸಿದ್ದು ಇದಕ್ಕಾಗಿಯೇ ಇರಬೇಕು. ಊರಿನ ಅಭಿಮಾನ ಆಸ್ತಿಯ ಹಕ್ಕಲ್ಲ, ತೀರಿಸಬೇಕಾದ ಋಣ. ನಮ್ಮ ತಪ್ಪೆಂದರೆ ಊರನ್ನು ತಾಯಿಯಂತೆ ಪ್ರೀತಿಸಿ, ಹೊಲದಂತೆ ಬೇಲಿ ಹಾಕಲು ಹೊರಡುವುದು.

ಇದು ಬರೀ ಆದರ್ಶವಲ್ಲವೆಂಬುದಕ್ಕೆ ಹಿಂಡಲಗಾದ ಸೆರೆಮನೆಯೇ ಸಾಕ್ಷಿ. 1930ರ ದಶಕದಲ್ಲಿ ‘ನರಬಲಿ’ ಎಂಬ ಕವಿತೆಗಾಗಿ ಬ್ರಿಟಿಷ್ ಸರ್ಕಾರ ದ.ರಾ. ಬೇಂದ್ರೆಯವರನ್ನು ಇಲ್ಲಿಯೇ ಬಂಧಿಸಿಟ್ಟಿತ್ತು. ಕನ್ನಡಕ್ಕೆ ಜ್ಞಾನಪೀಠ ತಂದುಕೊಟ್ಟ ಆ ಕವಿಯ ಮನೆಮಾತು ಮರಾಠಿ. ಮನೆಯಲ್ಲಿ ಒಂದು ಭಾಷೆ, ಕಾವ್ಯದಲ್ಲಿ ಇನ್ನೊಂದು. ಯಾವುದಕ್ಕೂ ಅವರು ದ್ರೋಹ ಬಗೆದರೆಂದು ಹೇಳಬಲ್ಲವರಾರು?

ತಾಯಿಯ ಮಕ್ಕಳಿಗೆ ಕರ್ತವ್ಯಗಳೂ ಉಂಟು. ಈ ನಾಡಿನಲ್ಲಿ ಬಾಳುವವರು ಕನ್ನಡ ಕಲಿಯಬೇಕು. ಅದು ದಂಡವಲ್ಲ, ನೆರೆಯವನ ಮನೆಯ ಬಾಗಿಲು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗಲೇ ಈ ವಿಧಿಯನ್ನೂ ಸೇರಿಸಿದರೆಂಬುದನ್ನು ಬಹುಸಂಖ್ಯಾತರಾದ ಕನ್ನಡಿಗರು ನೆನೆಯಬೇಕು.

ನಮ್ಮ ಮನೆಯ ಮಾತು

ಹೊರಗಿನವರಿಗೆ ಉಪದೇಶ ಹೇಳುವ ಮುನ್ನ ನಮ್ಮ ಧರ್ಮಸಭೆಯ ಒಳಗೆ ನೋಡಿಕೊಳ್ಳೋಣ. 1953ರಲ್ಲಿ ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾದಾಗ ಅದರೊಳಗೆ ಗೋವೆಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕುಟುಂಬಗಳಿದ್ದವು. ಬಯಲುಸೀಮೆಯ ಕನ್ನಡ ಕುಟುಂಬಗಳಿದ್ದವು. ಮರಾಠಿ ಆಡುವವರೂ, ದಂಡಿನ ಪ್ರದೇಶದಲ್ಲಿ ನೆಲೆಸಿದ ತಮಿಳರೂ ಇದ್ದರು. ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿ ತೊಟ್ಟು ವಿರಕ್ತ ಮಠದ ರೀತಿಯಲ್ಲಿ ಬಾಳಿ, ಕನ್ನಡದಲ್ಲಿ ದೇವರ ವಾಕ್ಯ ಸಾರಿದರು. ಇಷ್ಟಿದ್ದರೂ, ಹಬ್ಬದ ಬಲಿಪೂಜೆ ಯಾವ ಭಾಷೆಯಲ್ಲಿ, ಗಾಯನ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಬಂದಾಗ ನಮ್ಮ ಮುಖಗಳು ಬಿಗಿಯುವುದಿಲ್ಲವೇ? ಪವಿತ್ರಾತ್ಮರು ಇಳಿದುಬಂದ ದಿನ ಜೆರುಸಲೇಮಿನಲ್ಲಿ ನೆರೆದವರೆಲ್ಲರನ್ನೂ ಒಂದೇ ಭಾಷೆಯವರನ್ನಾಗಿ ಮಾಡಲಿಲ್ಲ. ಪ್ರತಿಯೊಬ್ಬನಿಗೂ ಅವನವನ ಭಾಷೆಯಲ್ಲೇ ಕೇಳಿಸುವಂತೆ ಮಾಡಿದರು.

ಯೇಸುಸ್ವಾಮಿಗೂ ಊರಿತ್ತು. ನಜರೇತಿನಂಥ ಊರಿನಿಂದ ಒಳ್ಳೆಯದೇನಾದರೂ ಬಂದೀತೇ ಎಂದು ನತಾನಿಯೇಲನು ಅಸಡ್ಡೆಯಿಂದ ಕೇಳಿದ್ದುಂಟು. ಸ್ವಾಮಿಯು ಅವನೊಡನೆ ನಜರೇತಿನ ಪರವಾಗಿ ವಾದಕ್ಕಿಳಿಯಲಿಲ್ಲ. ಅವನೊಳಗಿನ ನಿಷ್ಕಪಟವನ್ನು ಕಂಡು ಹೊಗಳಿದರು. ಜೆರುಸಲೇಮನ್ನು ದೂರದಿಂದ ಕಂಡಾಗಲಾದರೋ ಅವರು ಅತ್ತರು. ಊರನ್ನು ಪ್ರೀತಿಸುವವನ ಗುರುತು ಘೋಷಣೆಗಿಂತ ಹೆಚ್ಚಾಗಿ ಆ ಕಣ್ಣೀರಿನಲ್ಲಿದೆ.

ಮಳೆ ಹಿಡಿದ ಮೇಲೆ ನಾವು ಖಾನಾಪುರ ತಾಲೂಕಿನ ಆ ಹಿರಿಯರ ಮನೆಗೆ ಹೋದೆವು. ನಮ್ಮ ಮಾತು ತಪ್ಪಾಗಿತ್ತೆಂದು ಒಪ್ಪಿಕೊಂಡೆವು. ಅವರು ಚಹಾ ಕೊಟ್ಟರು, ವಿಷಯ ಎತ್ತಲಿಲ್ಲ. ಅಳಿಯನನ್ನೂ ಬೇರೆಯಾಗಿ ಕಂಡೆವು. ಹುಡುಗನಾಗಿದ್ದಾಗ ಪೇಟೆಯ ಅಂಗಡಿಯೊಂದರಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ನಕ್ಕಿದ್ದರಂತೆ. ಆ ನಗು ಅವರಿಗೆ ಇನ್ನೂ ಕೇಳಿಸುತ್ತದೆಯಂತೆ. “ಮಾವಾರಿಗೆ ಇದನ್ನ ನಾ ಎಂದೂ ಹೇಳಿಲ್ಲರಿ ಫಾದರ್” ಎಂದರು. “ಹೇಳಿ” ಎಂದೆವು. ನಾವು ಮಾಡಿದ್ದು ಅಷ್ಟೇ.

ನವೆಂಬರಿನಲ್ಲಿ ಸಕಲ ಮೃತರ ದಿನ ಕಳೆದ ಮೇಲೆ ಆ ದಾರಿಯಲ್ಲಿ ಹೋಗುವಾಗ ಗೇಟಿನ ಬಳಿ ನಿಂತೆವು. ಕಂಬ ಇನ್ನೂ ಬರಿದಾಗಿತ್ತು. ಒಳಗೆ ಮೇಜಿನ ಮೇಲೆ ಕಾಗದ ಹರಡಿಕೊಂಡು ಮಾವ ಅಳಿಯ ಇಬ್ಬರೂ ಕುಳಿತಿದ್ದರು. ಕಲ್ಲಿನಲ್ಲಿ ಎರಡು ಲಿಪಿಗಳೂ ಇರಬೇಕೆಂದು ಒಪ್ಪಿಗೆಯಾಗಿತ್ತು. ಆದರೆ ಕನ್ನಡದಲ್ಲಿ ‘ಹಿಂಡಲಗ’ ಎಂದು ಹ್ರಸ್ವ ಬರೆಯಬೇಕೋ ‘ಹಿಂಡಲಗಾ’ ಎಂದು ದೀರ್ಘ ಕೊಡಬೇಕೋ ಎಂದು ವಾದ ಬಿಸಿಯಾಗಿ ನಡೆದಿತ್ತು. ದೀರ್ಘವೇ ಸರಿಯೆಂದು ಹಟ ಹಿಡಿದವರು ಮಾವ. ನಮ್ಮನ್ನು ಕಂಡು ಇಬ್ಬರೂ ಒಟ್ಟಿಗೆ, “ಬರ್ರಿ ಫಾದರ್, ನೀವಽ ಹೇಳ್ರಿ” ಎಂದರು.

ಈ ಸಲ ನಾವು ಏನನ್ನೂ ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತೆವು. ಒಳಗಿನಿಂದ ಊಟಕ್ಕೆ ಕರೆ ಬಂತು, ಎಲ್ಲರೂ ಎದ್ದೆವು.